ಎಲ್ಲರಿಗೂ ಒಂದೇ ನಿಯಮ ಅಂದ್ರೆ ನ್ಯಾಯ ಆಯ್ತಾ?

2021ರ ಜೂನ್. ಕುವೈತಿನ ಅಬ್ಬಾಸಿಯಾ. ಪಕ್ಕದ ಫ್ಲ್ಯಾಟಿನ ಹುಡುಗಿ ಮೊಬೈಲ್ ಹಿಡ್ಕೊಂಡು ನಮ್ಮ ಮನೆ ಬಾಗಿಲಿಗೆ ಬಂದಳು. ಉಡುಪಿ ಕಡೆಯವರ ಮಗಳು, ಹುಟ್ಟಿದ್ದು ಬೆಳೆದಿದ್ದು ಎಲ್ಲಾ ಇಲ್ಲೇ. ಹನ್ನೆರಡನೇ ಕ್ಲಾಸು.

"ಅಣ್ಣ, ನಿಮ್ಮ ಕೆಲಸ ಡೇಟಾದ್ದೇ ಅಲ್ವಾ? ಇದೊಂದು ಅರ್ಥ ಮಾಡಿಸಿ. ನನಗೆ ಮಾರ್ಕ್ಸ್ ಕೊಡೋದಕ್ಕೆ ನನ್ನ ಸೀನಿಯರ್‌ಗಳ ಮಾರ್ಕ್ಸ್ ಯಾಕೆ ನೋಡ್ತಾರೆ?"

ನಾನು ಓದಿ ಅರ್ಥ ಮಾಡಿಸಿದೆ. ಆದರೆ ಅವಳು ಕೇಳಿದ್ದು ನಿಯಮದ ಅರ್ಥ ಮಾತ್ರ ಆಗಿರಲಿಲ್ಲ. ಇದು ಸರಿಯಾ ಅಂತಲೂ ಕೇಳಿದ್ದಳು. ಆವತ್ತು ನಾನು "ಏನ್ ಮಾಡೋದು, ಎಲ್ಲರಿಗೂ ಒಂದೇ ನಿಯಮ ಅಲ್ವಾ" ಅಂದುಬಿಟ್ಟೆ. ಆ ಮಾತು ತಪ್ಪು. ಯಾಕೆ ತಪ್ಪು ಅಂತ ಹೇಳೋದಕ್ಕೇ ಈ ಬರಹ.

ಮೊದಲು ಆ ನಿಯಮ ನೋಡೋಣ. ಕೋವಿಡ್ ಎರಡನೇ ಅಲೆಯಲ್ಲಿ, ಜೂನ್ 1ರಂದು, ಸಿಬಿಎಸ್‌ಇ ಹನ್ನೆರಡನೇ ತರಗತಿ ಪರೀಕ್ಷೆ ರದ್ದಾಯಿತು. ಜೂನ್ 17ರಂದು ಬೋರ್ಡ್ ಒಂದು ಸೂತ್ರ ಮುಂದಿಟ್ಟಿತು. ಥಿಯರಿ ಅಂಕದಲ್ಲಿ 30% ಹತ್ತನೇ ತರಗತಿಯ ಮೂರು ಉತ್ತಮ ವಿಷಯಗಳಿಂದ, 30% ಹನ್ನೊಂದನೇ ತರಗತಿಯಿಂದ, 40% ಹನ್ನೆರಡನೇ ತರಗತಿಯ ಶಾಲಾ ಪರೀಕ್ಷೆಗಳಿಂದ. ಇಲ್ಲಿವರೆಗೆ ಒಪ್ಪಬಹುದು. ಎಲ್ಲವೂ ಆ ಮಗು ತಾನೇ ಬರೆದ ಪರೀಕ್ಷೆಗಳು.

ಆಮೇಲೆ ಬಂತು ಮಾಡರೇಷನ್. ಕೆಲವು ಶಾಲೆಗಳು ಕೈ ಸಡಿಲ ಮಾಡಿ ಮಾರ್ಕ್ಸ್ ಕೊಟ್ಟಾವು ಅನ್ನೋ ಭಯ ಬೋರ್ಡಿಗೆ. ಹಾಗಾಗಿ ಶಾಲೆಯ ಹಿಂದಿನ ಮೂರು ವರ್ಷಗಳಲ್ಲಿ ಒಟ್ಟು ಸರಾಸರಿ ಚೆನ್ನಾಗಿದ್ದ ವರ್ಷವನ್ನು 'ರೆಫರೆನ್ಸ್ ವರ್ಷ' ಅಂತ ಹಿಡಿದರು. ಪ್ರತಿ ವಿಷಯದ ಸರಾಸರಿ ಆ ವರ್ಷದ ಸರಾಸರಿಗಿಂತ 5 ಅಂಕದೊಳಗೆ ಹೆಚ್ಚುಕಮ್ಮಿ ಇರಬೇಕು. ಎಲ್ಲಾ ವಿಷಯ ಸೇರಿದ ಸರಾಸರಿ 2 ಅಂಕಕ್ಕಿಂತ ಜಾಸ್ತಿ ಮೇಲೆ ಹೋಗಬಾರದು.

ಒಂದು ಲೆಕ್ಕ ಹಾಕೋಣ. ಇದು ನಾನು ಉದಾಹರಣೆಗೆ ಮಾಡಿಕೊಂಡ ಕ್ಲಾಸು. 40 ಮಕ್ಕಳು. ರೆಫರೆನ್ಸ್ ವರ್ಷದಲ್ಲಿ ಫಿಸಿಕ್ಸ್ ಸರಾಸರಿ 72. ಈ ವರ್ಷದ ಮಕ್ಕಳ ಸರಾಸರಿ 79 ಬಂತು. ಮಿತಿ 77. ಅಂದ್ರೆ ಒಟ್ಟು 80 ಅಂಕ ಕತ್ತರಿಸಬೇಕು. ಯಾರಿಂದ? ಎಲ್ಲರಿಂದ ಎರಡೆರಡು ತೆಗೆಯಬಹುದು. ಕೊನೆ ಬೆಂಚಿನ 16 ಮಕ್ಕಳಿಂದ ಐದೈದು ತೆಗೆದರೂ ಸರಾಸರಿ ಅಷ್ಟಕ್ಕೇ ಬಂದು ನಿಲ್ಲುತ್ತೆ. ಸರಾಸರಿಗೆ ಮುಖ ಇಲ್ಲ ನೋಡಿ. ಅದಕ್ಕೆ ಯಾರ ಅಂಕ ಹೋದರೂ ಒಂದೇ.

ಇನ್ನೊಂದು ಸೂಕ್ಷ್ಮ ಇದೆ. ಚಿಕ್ಕ ಕ್ಲಾಸಿನ ಸರಾಸರಿ ತಾನಾಗಿಯೇ ಅಲ್ಲಾಡುತ್ತೆ. 25 ಮಕ್ಕಳ ಕ್ಲಾಸು, ಅಂಕಗಳ ಸ್ಟ್ಯಾಂಡರ್ಡ್ ಡೀವಿಯೇಷನ್ 12 ಅಂತ ಇಟ್ಕೊಳ್ಳಿ. ಮೇಷ್ಟ್ರು ಅದೇ, ಪಾಠ ಅದೇ, ಮೋಸ ಯಾರೂ ಮಾಡಿಲ್ಲ. ಆದರೂ ಯಾವುದಾದರೂ ಎರಡು ವರ್ಷಗಳ ಸರಾಸರಿ 5 ಅಂಕಕ್ಕಿಂತ ಜಾಸ್ತಿ ಬೇರೆಯಾಗೋ ಸಾಧ್ಯತೆ ಸುಮಾರು ಏಳರಲ್ಲಿ ಒಂದು. ಬರೀ ಆಕಸ್ಮಿಕವಾಗಿ. ಮಾಸ್ಟರ್ಸ್ ಓದುವಾಗ ಮೊದಲ ಸೆಮಿಸ್ಟರಿನಲ್ಲೇ ಕಲಿಸುವ ವಿಷಯ ಇದು.

ಬೋರ್ಡಿನ ಪರವಾಗಿ ಹೇಳಬೇಕಾದ್ದನ್ನೂ ಹೇಳಿಬಿಡ್ತೀನಿ. ಮೂರರಲ್ಲಿ ಅತ್ಯುತ್ತಮ ವರ್ಷ ಹಿಡಿದಿದ್ದರಿಂದ ಮಕ್ಕಳಿಗೆ ಸ್ವಲ್ಪ ಅನುಕೂಲವೇ ಆಯಿತು. ಆ ವರ್ಷ ತೇರ್ಗಡೆ ಪ್ರಮಾಣ 99.37%, ಹಿಂದಿನ ವರ್ಷ 88.78%. ಒಟ್ಟಾರೆ ನೋಡಿದರೆ ಕೈ ಬಿಗಿ ಮಾಡಿದರು ಅನ್ನೋಕಾಗಲ್ಲ. ಆದರೆ 'ಅತ್ಯುತ್ತಮ ವರ್ಷ' ಆರಿಸಿದ್ದು ಎಲ್ಲಾ ವಿಷಯ ಸೇರಿಸಿ. ಅದೇ ವರ್ಷ ಆ ಶಾಲೆಯಲ್ಲಿ ಫಿಸಿಕ್ಸ್ ಕೆಟ್ಟಿದ್ದರೆ? ಆ ಕೆಟ್ಟ ಫಿಸಿಕ್ಸೇ ಈಗಿನ ಮಕ್ಕಳಿಗೆ ಗೋಡೆ.

ಈಗ ಇದನ್ನು ಕುವೈತಿಗೆ ತಂದು ನೋಡಿ. ಶಾಲೆಯ ಇತಿಹಾಸ ನಂಬಬೇಕು ಅಂದ್ರೆ ವರ್ಷದಿಂದ ವರ್ಷಕ್ಕೆ ಒಂದೇ ಥರದ ಮಕ್ಕಳು ಬರ್ತಿರಬೇಕು. 2020–21ರಲ್ಲಿ ಇಲ್ಲಿ ಏನಾಯ್ತು ಅಂತ ಇಲ್ಲಿದ್ದವರಿಗೆ ಗೊತ್ತು. ಅಪ್ಪನ ಕೆಲಸ ಹೋಯ್ತು, ಸಂಬಳ ಅರ್ಧ ಆಯ್ತು, ಅಮ್ಮ ಮಕ್ಕಳನ್ನು ಊರಿಗೆ ಕಳಿಸಿ ಅಪ್ಪ ಒಬ್ಬರೇ ಬ್ಯಾಚುಲರ್ ರೂಮಿಗೆ ಹೋದರು. ಕ್ಲಾಸುಗಳೇ ಬದಲಾಗಿ ಹೋದವು. ಹೀಗೆ ಬದಲಾದ ಕ್ಲಾಸನ್ನು 2018ರ ಅಥವಾ 2019ರ ಕ್ಲಾಸಿನ ತಕ್ಕಡಿಯಲ್ಲಿ ತೂಗೋದು ಮಂಗಳೂರಿನ ಅಕ್ಕಿಯನ್ನು ಮಡಿಕೇರಿಯ ಸೇರಿನಲ್ಲಿ ಅಳೆದು, ಕಮ್ಮಿ ಬಂತು ಅಂತ ಅಂಗಡಿಯವನನ್ನು ಬೈದ ಹಾಗೆ.

ಇಂಗ್ಲೆಂಡಿನಲ್ಲಿ ಇದೇ ಪಾಠ ಒಂದು ವರ್ಷ ಮೊದಲೇ ಆಗಿತ್ತು. 2020ರ ಆಗಸ್ಟ್ 13ರಂದು ಎ-ಲೆವೆಲ್ ಫಲಿತಾಂಶ ಬಂತು. ಅಲ್ಲಿನ ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್, ಶಾಲೆಯ ಹಳೇ ಫಲಿತಾಂಶ ಬಳಸುವ ಒಂದು ಅಲ್ಗಾರಿದಮ್ ಓಡಿಸಿತ್ತು. ಮೇಷ್ಟ್ರು ಅಂದಾಜಿಸಿದ ಗ್ರೇಡುಗಳಲ್ಲಿ ಸುಮಾರು 39% ಕೆಳಗಿಳಿದವು. ಮಕ್ಕಳು ಲಂಡನ್ನಿನ ಬೀದಿಗೆ ಬಂದರು. ನಾಲ್ಕೇ ದಿನ. ಆಗಸ್ಟ್ 17ಕ್ಕೆ ಸರ್ಕಾರ ಸೂತ್ರ ಕೈಬಿಟ್ಟಿತು.

ಬೀದಿಗೆ ಬಂದರು ಅನ್ನೋದನ್ನ ನೆನಪಿಟ್ಕೊಳ್ಳಿ. ಮತ್ತೆ ಅಲ್ಲಿಗೆ ಬರ್ತೀನಿ.

ಪಕ್ಕದ ಮನೆ ಹುಡುಗಿ ಶಾಲೆಗೆ ಹೋಗಿ ತನ್ನ ಲೆಕ್ಕ ತೋರಿಸಿ ಅಂತ ಕೇಳಿದಳು. ಶಾಲೆಯ ಹೆಸರು ಬೇಡ. ತೋರಿಸಲಿಲ್ಲ. ಮೊದಲು ಎಷ್ಟಿತ್ತು, ಮಾಡರೇಷನ್ ಆದ ಮೇಲೆ ಎಷ್ಟಾಯಿತು ಅನ್ನೋ ಎರಡು ಸಂಖ್ಯೆ ಕೊಟ್ಟಿದ್ದರೆ ಸಾಕಿತ್ತು. ಬೇಕಿದ್ದರೆ ಆಮೇಲೆ ಪರೀಕ್ಷೆ ಬರೆಯಬಹುದಿತ್ತು ನಿಜ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಐಚ್ಛಿಕ ಪರೀಕ್ಷೆ ನಡೆಯಿತು. ಆದರೆ ಬರೆದರೆ ಆ ಅಂಕವೇ ಅಂತಿಮ, ಕಮ್ಮಿ ಬಂದರೂ ಅದೇ. ಕಾಲೇಜಿನ ಸೀಟು ಹೆಗಲ ಮೇಲೆ ಇಟ್ಟುಕೊಂಡು ಯಾರು ಈ ಜೂಜಾಡ್ತಾರೆ? 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ರದ್ದು ಮಾಡಿ, ಎರಡರಲ್ಲಿ ಯಾವುದು ಹೆಚ್ಚೋ ಅದು ವಿದ್ಯಾರ್ಥಿಗೆ ಅಂತ ಹೇಳಿತು. ಸಂತೋಷ. ಆದರೆ ಹೆದರಿ ಪರೀಕ್ಷೆಯನ್ನೇ ಬರೆಯದವರಿಗೆ ಆ ತೀರ್ಪಿನಿಂದ ಏನು ಸಿಕ್ಕಿತು?

ಅಂಕ ಆಯಿತು. ಅದರ ಮುಂದಿನ ಬಾಗಿಲು ಪ್ರವೇಶ ಪರೀಕ್ಷೆ. ಅಲ್ಲಿಯೂ ಇದೇ "ಒಂದೇ ನಿಯಮ"ದ ಕಥೆ, ಇನ್ನೂ ಕ್ರೂರವಾಗಿ.

2020ರಲ್ಲಿ ನೀಟ್‌ಗೆ ವಿದೇಶದಲ್ಲಿ ಒಂದೂ ಕೇಂದ್ರ ಇರಲಿಲ್ಲ. ಗಲ್ಫ್ ಪಾಲಕರು ಕೋರ್ಟಿಗೆ ಹೋದರು. ಒಂದೇ ದಿನ, ಒಂದೇ ಹೊತ್ತು, ಕಾಗದದ ಮೇಲೆ ನಡೆಯೋ ಪರೀಕ್ಷೆ, ಏಕರೂಪತೆ ಕೆಡುತ್ತೆ ಅನ್ನೋದು ವೈದ್ಯಕೀಯ ಮಂಡಳಿಯ ವಾದ. ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ವಿದೇಶಿ ಕೇಂದ್ರಕ್ಕೆ ಆದೇಶ ಕೊಡಲು ಒಪ್ಪಲಿಲ್ಲ. ಮಕ್ಕಳು ವಂದೇ ಭಾರತ್ ವಿಮಾನದಲ್ಲಿ ಬರಲು ಅನುಕೂಲ ಮಾಡಿ ಎಂದಿತು. ಪರೀಕ್ಷೆ ಸೆಪ್ಟೆಂಬರ್ 13ಕ್ಕೆ. ಇದ್ದದ್ದು ಮೂರು ವಾರಕ್ಕಿಂತ ಕಮ್ಮಿ.

ಕುವೈತಿನಿಂದ ಹೋಗೋದೇನೋ ಹೋಗಬಹುದಿತ್ತು. ವಾಪಸ್ ಬರೋದು? ಆಗಸ್ಟ್ 1ರಿಂದ ಕುವೈತ್ 31 ದೇಶಗಳಿಂದ ನೇರ ಪ್ರವೇಶ ನಿಲ್ಲಿಸಿತ್ತು, ಪಟ್ಟಿಯಲ್ಲಿ ಭಾರತವೂ ಇತ್ತು. ನಿಷೇಧವಿಲ್ಲದ ಬೇರೆ ದೇಶದಲ್ಲಿ 14 ದಿನ ಕಳೆದು, ಪಿಸಿಆರ್ ಮಾಡಿಸಿಕೊಂಡು ಬರಬೇಕು. ಹದಿನೇಳು ಹದಿನೆಂಟರ ಮಗು, ಜೊತೆಗೆ ಅಮ್ಮ ಅಥವಾ ಅಪ್ಪ, ಊರಲ್ಲಿ ಕ್ವಾರಂಟೈನ್, ಮೂರು ಗಂಟೆಯ ಪರೀಕ್ಷೆ, ಆಮೇಲೆ ದುಬೈನಲ್ಲೋ ಮತ್ತೆಲ್ಲೋ ಎರಡು ವಾರದ ಹೋಟೆಲ್ ಬಾಡಿಗೆ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಆಗಿತ್ತು, ಒಪ್ಪಿದೆ. ಹುಬ್ಬಳ್ಳಿಯ ಹುಡುಗಿ ಬಸ್ಸಿನಲ್ಲಿ ಹೋಗಿ ಬರೆದಳು, ಸಾಲ್ಮಿಯಾದ ಹುಡುಗಿ ಮನೆಯವರ ತಿಂಗಳುಗಟ್ಟಲೆ ಸಂಬಳ ಸುರಿದು ಬರೆದಳು. ಇದಕ್ಕೆ ಏಕರೂಪತೆ ಅಂತ ಹೆಸರು.

ಮರುವರ್ಷವೇ, 2021ರ ಸೆಪ್ಟೆಂಬರ್ 12ರಂದು, ಕುವೈತಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೀಟ್ ನಡೆಯಿತು. ಭಾರತದ ಹೊರಗೆ ಅದು ಮೊದಲ ಸಲ. ಅದೇ ಕಾಗದ, ಅದೇ ದಿನ, ಅದೇ ಹೊತ್ತು. ಆಕಾಶ ಕಳಚಿ ಬೀಳಲಿಲ್ಲ. ಹಾಗಾದರೆ ಹಿಂದಿನ ವರ್ಷ ಆಗಲ್ಲ ಅಂದಿದ್ದು ಯಾಕೆ?

ಕೇಂದ್ರ ಸಿಕ್ಕಿತಲ್ಲ, ಮುಗೀತು ಅಂದುಕೊಂಡರೆ, 2024ರ ಫೆಬ್ರವರಿಯಲ್ಲಿ ನೀಟ್ ಅರ್ಜಿ ಶುರುವಾದಾಗ ಪಟ್ಟಿಯಲ್ಲಿ ವಿದೇಶದ ಒಂದು ಊರೂ ಇರಲಿಲ್ಲ. ಪಾಲಕರು ಗೋಗರೆದ ಮೇಲೆ ಅದೇ ತಿಂಗಳು 14 ವಿದೇಶಿ ನಗರಗಳು ವಾಪಸ್ ಬಂದವು, ಕುವೈತ್ ಸೇರಿ. ಅಂದ್ರೆ ಇದು ನಮ್ಮ ಮಕ್ಕಳ ಹಕ್ಕು ಅಂತ ಯಾರೂ ಬರೆದಿಟ್ಟಿಲ್ಲ. ಪ್ರತಿ ಸಲ ಬೇಡಬೇಕು.

"ಅಲ್ಲಾ ಮಾರಾಯ್ರೇ, ಭಾರತದಲ್ಲೇ ಪೇಪರ್ ಲೀಕ್ ಆಗಿ ಲಕ್ಷಾಂತರ ಬಡ ಮಕ್ಕಳು ಒದ್ದಾಡ್ತಾರೆ. ದಿನಾರ್ ಎಣಿಸೋ ನಿಮ್ಮ ಮಕ್ಕಳದ್ದೇನು ದೊಡ್ಡ ಕಷ್ಟ?" ಅಂತ ಕೇಳೋರಿದ್ದಾರೆ. ನನ್ನ ಸೋದರಮಾವನೇ ಕೇಳಿದ್ದಾರೆ. ಉತ್ತರ ಕೊಡಬೇಕು.

ನಮ್ಮ ಕರ್ನಾಟಕದ್ದೇ ನೋಡಿ. 2016ರಲ್ಲಿ ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪೇಪರ್ ಮಾರ್ಚ್ 21ರ ಪರೀಕ್ಷೆಗೆ ಲೀಕ್ ಆಯಿತು. ಮರುಪರೀಕ್ಷೆ 31ಕ್ಕೆ ಇಟ್ಟರು, ಅದೂ ಲೀಕ್. ಕೊನೆಗೆ ಏಪ್ರಿಲ್ 12ಕ್ಕೆ ಪರೀಕ್ಷೆ ಆಯಿತು. ಅದು ಘೋರ ಅನ್ಯಾಯ, ಎರಡು ಮಾತಿಲ್ಲ. ಆದರೆ ಆವತ್ತು ಮಲ್ಲೇಶ್ವರದ ಪಿಯು ಮಂಡಳಿ ಕಚೇರಿ ಮುಂದೆ ಮಕ್ಕಳು ನಿಂತು ಕೂಗಿದರು. ಮಂತ್ರಿ ಉತ್ತರ ಕೊಡಬೇಕಾಯ್ತು, ಸಿಐಡಿ ಬಂತು, ಅಧಿಕಾರಿಗಳ ಮೇಲೆ ಕ್ರಮ ಆಯಿತು. ಕೂಗಿದ್ದಕ್ಕೆ ಕೇಳಿಸಿತು.

ಕುವೈತಿನಲ್ಲಿ ವಲಸಿಗರು ಬೀದಿಯಲ್ಲಿ ಗುಂಪು ಸೇರಿ ಪ್ರತಿಭಟಿಸೋ ಹಾಗಿಲ್ಲ. ಮಾಡಿದರೆ ಗಡೀಪಾರು. ಭಾರತದಲ್ಲಿ ಈ ಮಕ್ಕಳಿಗೆ ಎಂಎಲ್‌ಎ ಇಲ್ಲ, ಇನ್ನೂ ಓಟಿನ ವಯಸ್ಸೂ ಇಲ್ಲ. ಲಂಡನ್ನಿನ ಮಕ್ಕಳಿಗಿದ್ದ ಬೀದಿ ಇವರಿಗಿಲ್ಲ. ಬಡತನದ ಕಷ್ಟಕ್ಕೆ ಇದನ್ನು ಹೋಲಿಸಿ ಯಾವುದು ದೊಡ್ಡದು ಅಂತ ನಾನು ತೂಗ್ತಿಲ್ಲ. ಬೀದಿಗಿಳಿಯೋಕೆ ಆಗದ ಮಗುವಿಗೆ ಕಾಗದದ ಮೇಲಾದರೂ ನಿಯಮ ಗಟ್ಟಿಯಾಗಿರಬೇಕು ಅಂತಷ್ಟೇ ಹೇಳ್ತಿದ್ದೀನಿ.

ಸಣ್ಣ ವಿಷಯ ಒಂದು. ನೀಟ್ ನಡೆಯೋದು ಭಾನುವಾರ, ರಜೆ ಅಂತ. ಕುವೈತಿನಲ್ಲಿ ಭಾನುವಾರ ವಾರದ ಮೊದಲ ಕೆಲಸದ ದಿನ. ಭಾರತದ ಮಧ್ಯಾಹ್ನ ಎರಡು ಗಂಟೆ ಅಂದ್ರೆ ಇಲ್ಲಿ ಬೆಳಿಗ್ಗೆ ಹನ್ನೊಂದೂವರೆ. ಮಗುವನ್ನು ಕರ್ಕೊಂಡು ಹೋಗೋಕೆ ಅಪ್ಪ ಕಂಪನಿಯಲ್ಲಿ ರಜೆ ಕೇಳಬೇಕು. ದಿನ ಬದಲಿಸಿ ಅಂತ ನಾನು ಹೇಳಲ್ಲ. ಆದರೆ ನಿಯಮ ಬರೆಯೋ ಮೇಜಿನ ಸುತ್ತ ಈ ವಿಷಯ ಗೊತ್ತಿರೋರು ಒಬ್ಬರಾದರೂ ಇದ್ದಾರಾ?

ನನ್ನ ಬೇಡಿಕೆ ಮೂರೇ. ಒಂದು, ಅಂಕವನ್ನು ಯಾವುದೇ ಸೂತ್ರದಿಂದ ತಿದ್ದಿದರೆ, ತಿದ್ದೋ ಮೊದಲಿನ ಸಂಖ್ಯೆ ಮತ್ತು ಆಮೇಲಿನ ಸಂಖ್ಯೆ ಎರಡನ್ನೂ ವಿದ್ಯಾರ್ಥಿಗೆ ಕೊಡಿ. ಎರಡು, ಎಲ್ಲಿ ಹನ್ನೆರಡನೇ ತರಗತಿಯ ಬೋರ್ಡ್ ಪರೀಕ್ಷೆ ನಡೆಸೋಕೆ ಆಗುತ್ತೋ ಆ ದೇಶದಲ್ಲಿ ಪ್ರವೇಶ ಪರೀಕ್ಷೆಯ ಕೇಂದ್ರವೂ ಇರಲಿ, ಪ್ರತಿ ವರ್ಷ, ಬೇಡಿಸಿಕೊಳ್ಳದೆ. ಮೂರು, ಸುಧಾರಣೆಗೆ ಬರೆದ ಪರೀಕ್ಷೆ ಯಾವತ್ತೂ ಶಿಕ್ಷೆ ಆಗಬಾರದು, ಮತ್ತು ಅದನ್ನು ಅರ್ಜಿ ಹಾಕೋ ಮೊದಲೇ ಹೇಳಿ.

ಇದನ್ನು ಓದ್ತಿರೋ ನೀವು ಕುವೈತಿನಲ್ಲಿರಬಹುದು, ನ್ಯೂಜೆರ್ಸಿಯಲ್ಲಿರಬಹುದು, ಕನ್ನಡ ಈಗಷ್ಟೇ ಕಲಿತಿರಬಹುದು. ನಿಮ್ಮ ಮನೆಯಲ್ಲೂ ಒಂದು ದಿನ ಒಂದು ಮಗು ಮೊಬೈಲ್ ಹಿಡ್ಕೊಂಡು ಬಂದು "ಇದು ಸರಿಯಾ?" ಅಂತ ಕೇಳುತ್ತೆ. ನನ್ನ ಹಾಗೆ "ಎಲ್ಲರಿಗೂ ಒಂದೇ ನಿಯಮ" ಅಂದು ಕಳಿಸಬೇಡಿ. ಕೂತ್ಕೊಳ್ಳಿ, ಲೆಕ್ಕ ಹಾಕಿ, ಆಮೇಲೆ ಇಬ್ಬರೂ ಸೇರಿ ಬೋರ್ಡಿಗೆ ಒಂದು ಪತ್ರ ಬರೀರಿ. ಆ ಹುಡುಗಿ ಈಗ ಮಣಿಪಾಲದಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿ ಮುಗಿಸಿದ್ದಾಳೆ. ತನ್ನ ಆ ಎರಡು ಸಂಖ್ಯೆ ಅವಳಿಗೆ ಇವತ್ತಿಗೂ ಸಿಕ್ಕಿಲ್ಲ.