ಬ್ರಿಕ್ ಲೇನ್ ಮಸೀದಿಯನ್ನು ಯಾರೂ ಗೆದ್ದಿಲ್ಲ

ಲಂಡನ್ನಿನ ಬ್ರಿಕ್ ಲೇನ್ ಮಸೀದಿಯ ಫೋಟೊ ಆಗಾಗ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ‘ಮೊದಲು ಚರ್ಚ್, ಆಮೇಲೆ ಯಹೂದಿಗಳ ಸಿನಗಾಗ್, ಈಗ ಮಸೀದಿ. ಮಾಷಾ ಅಲ್ಲಾಹ್, ನಾವು ಗೆದ್ದೆವು!’ ಎಂದು ಕೆಳಗೆ ಬರೆದಿರುತ್ತದೆ. ಮಾಹಿತಿ ಸರಿಯಾಗಿಯೇ ಇದೆ. ‘ಗೆದ್ದೆವು’ ಎಂಬ ಮಾತಿಗೆ ಮಾತ್ರ ನನ್ನ ತಕರಾರು.

ಆ ಕಟ್ಟಡ 1743ರದ್ದು. ಗೋಡೆಯ ಮೇಲಿರುವ ನೆರಳಿನ ಗಡಿಯಾರದಲ್ಲಿ ಆ ಇಸವಿ ಇಂದಿಗೂ ಕಾಣುತ್ತದೆ. ಕಟ್ಟಿದವರು ಹ್ಯೂಗೆನೊಗಳು, ಅಂದರೆ ಫ್ರಾನ್ಸಿನ ಪ್ರಾಟೆಸ್ಟೆಂಟರು. 1685ರಲ್ಲಿ ಅಲ್ಲಿನ ರಾಜ ಅವರ ಧಾರ್ಮಿಕ ಸ್ವಾತಂತ್ರ್ಯ ಕಿತ್ತುಕೊಂಡಾಗ ಓಡಿ ಬಂದವರು ಇಲ್ಲಿ ರೇಷ್ಮೆ ನೇಯ್ದು ಬದುಕಿದರು. ತಮಾಷೆಯೆಂದರೆ, 1809ರಲ್ಲಿ ಯಹೂದಿಗಳನ್ನು ಕ್ರೈಸ್ತರನ್ನಾಗಿ ಮಾಡಲು ಹೊರಟ ಸಂಘವೊಂದು ಇದೇ ಕಟ್ಟಡದಲ್ಲಿತ್ತು. ಆಮೇಲೆ ಅದು ಮೆಥಡಿಸ್ಟರ ಚರ್ಚಾಯಿತು. ಆ ಶತಮಾನ ಮುಗಿಯುವ ಮೊದಲೇ ಯಹೂದಿಗಳು ಅದನ್ನು ಸಿನಗಾಗ್ ಮಾಡಿಕೊಂಡರು. ರಷ್ಯಾದಲ್ಲಿ 1881ರಿಂದ ಶುರುವಾದ ಯಹೂದಿ ವಿರೋಧಿ ದೊಂಬಿಗಳಿಂದ ತಪ್ಪಿಸಿಕೊಂಡು ಬಂದವರು ಅವರು. ಎಷ್ಟೋ ಮಂದಿ ದರ್ಜಿಗಳು. ಅವರ ಮಕ್ಕಳು ಓದಿ, ದುಡಿದು, ಬೇರೆ ಬಡಾವಣೆಗಳಿಗೆ ಹೋದರು. ಪ್ರಾರ್ಥನೆಗೆ ಬರುವವರು ಕಡಿಮೆಯಾದರು. 1976ರಲ್ಲಿ ಬಾಂಗ್ಲಾದೇಶದ, ಹೆಚ್ಚಾಗಿ ಸಿಲ್ಹೆಟ್ ಕಡೆಯ ಮುಸ್ಲಿಮರು ಅದನ್ನು ಮಸೀದಿ ಮಾಡಿದರು. ಅವರಲ್ಲೂ ಬಹಳ ಜನ ಬಟ್ಟೆ ಹೊಲಿಯುವ ಕೆಲಸದವರೇ.

ಕಾಮರ್ಸ್ ಓದುವವರಿಗೆ ಇದು ಅರ್ಥವಾಗಬೇಕು. ಬಿಟ್ಟು ಹೋಗುವವರಿದ್ದರು, ಕೊಳ್ಳುವವರಿದ್ದರು. ದುಡ್ಡು ಕೊಟ್ಟು ಅಂಗಡಿ ಕೊಂಡವನು ಹಳೆಯ ಮಾಲೀಕನನ್ನು ಸೋಲಿಸಿದೆ ಎನ್ನುತ್ತಾನೆಯೇ? ಅಲ್ಲಿಂದ ಸ್ವಲ್ಪ ದೂರದ ಫೀಲ್ಡ್‌ಗೇಟ್ ಸ್ಟ್ರೀಟಿನಲ್ಲಿ 1899ರ ಸಿನಗಾಗ್ ಒಂದಿತ್ತು. ಪಕ್ಕದಲ್ಲೇ ಈಸ್ಟ್ ಲಂಡನ್ ಮಸೀದಿ. ವರ್ಷಗಟ್ಟಲೆ ಎರಡೂ ನೆರೆಹೊರೆಯಾಗಿದ್ದವು. ಬರುವವರು ಕಡಿಮೆಯಾಗಿ ಸಿನಗಾಗ್ ಮುಚ್ಚಿತು, 2015ರಲ್ಲಿ ಮಸೀದಿಯವರೇ ಅದನ್ನು ಕೊಂಡರು.

ಕಿತ್ತುಕೊಳ್ಳುವುದು ಹೇಗಿರುತ್ತದೆ ಎಂಬುದೂ ಇದೇ ಲಂಡನ್ನಿನ ಚರಿತ್ರೆಯಲ್ಲಿದೆ. 1272ರಲ್ಲಿ ನಗರದ ಒಂದು ಸಿನಗಾಗಿನ ಪಕ್ಕದಲ್ಲಿದ್ದ ಕ್ರೈಸ್ತ ಸನ್ಯಾಸಿಗಳು, ಯಹೂದಿಗಳ ಪ್ರಾರ್ಥನೆಯ ಸದ್ದಿನಿಂದ ತಮಗೆ ತೊಂದರೆ ಎಂದು ರಾಜನಿಗೆ ದೂರಿದರು. ಮೂರನೇ ಹೆನ್ರಿ ಆ ಸಿನಗಾಗನ್ನೇ ಸನ್ಯಾಸಿಗಳಿಗೆ ಕೊಟ್ಟುಬಿಟ್ಟ. ಪ್ರಾರ್ಥನೆಯ ಸದ್ದು! ಈ ಸಾಲು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. 1290ರಲ್ಲಿ ಅವನ ಮಗ ಒಂದನೇ ಎಡ್ವರ್ಡ್ ಯಹೂದಿಗಳನ್ನೆಲ್ಲ ದೇಶದಿಂದಲೇ ಓಡಿಸಿದ.

ಅವರು ಬಹಿರಂಗವಾಗಿ ಮತ್ತೆ ಪ್ರಾರ್ಥಿಸಲು 1656ರವರೆಗೆ ಕಾಯಬೇಕಾಯಿತು. 1701ರಲ್ಲಿ ತೆರೆದ ಬೆವಿಸ್ ಮಾರ್ಕ್ಸ್ ಸಿನಗಾಗ್ ರಸ್ತೆಗೆ ಮುಖ ಮಾಡಿಲ್ಲ, ಒಂದು ಅಂಗಳದೊಳಗಿದೆ. ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಅದನ್ನು ಕಟ್ಟಿದ ಜೋಸೆಫ್ ಏವಿಸ್ ಕ್ವೇಕರ್ ಪಂಥದ ಕ್ರೈಸ್ತ. ದೇವರ ಮನೆ ಕಟ್ಟಿ ಲಾಭ ಮಾಡಬಾರದೆಂದು ಅವನು ಲಾಭದ ಹಣ ವಾಪಸು ಕೊಟ್ಟನಂತೆ. ಇದನ್ನು ಅಬ್ಬಾಗೆ ಹೇಳಿದರೆ, ‘ಲಾಭ ವಾಪಸು ಕೊಡುವ ಕಂಟ್ರಾಕ್ಟರ್ ಎಲ್ಲಿದ್ದಾನೆ, ನನಗೂ ತೋರಿಸು’ ಎಂದರು. ಕಥೆಯೇ ಇರಬಹುದು, ಆದರೂ ನನಗೆ ಇಷ್ಟ.

ಪ್ಯಾಲೆಸ್ತೀನಿನಲ್ಲಿ ಇಷ್ಟೆಲ್ಲ ಆಗುತ್ತಿರುವಾಗ ನಿನಗೆ ಸಿನಗಾಗ್ ಯಾಕೆ ಬೇಕು ಎಂದು ಗೆಳತಿಯೊಬ್ಬಳು ಕೇಳಿದಳು. ಗಾಜಾದ ಮಕ್ಕಳಿಗಾಗಿ ನಮ್ಮ ಮನೆಯಲ್ಲೂ ದುವಾ ಮಾಡುತ್ತೇವೆ. ಆ ಸಿಟ್ಟನ್ನು ನೂರು ವರ್ಷದ ಹಿಂದೆ ಬ್ರಿಕ್ ಲೇನಿನಲ್ಲಿ ಸೂಜಿ ಹಿಡಿದು ಕುಳಿತಿದ್ದ ಬಡ ದರ್ಜಿಗಳ ಮೇಲೆ ಹಾಕುವುದು ಒಬ್ಬರ ಬಾಕಿಯನ್ನು ಇನ್ನೊಬ್ಬರ ಖಾತೆಗೆ ಡೆಬಿಟ್ ಮಾಡಿದಂತೆ. ಲೆಡ್ಜರಿನಲ್ಲಿ ಹಾಗೆ ಮಾಡಿದರೆ ನಮ್ಮ ಅಕೌಂಟೆನ್ಸಿ ಮೇಡಮ್ ಅರ್ಧ ಮಾರ್ಕೂ ಕೊಡುವುದಿಲ್ಲ.

ಅಕ್ಟೋಬರ್ 4, 1936ರಂದು ಮೋಸ್ಲಿಯ ಫ್ಯಾಸಿಸ್ಟರು ಈ ಯಹೂದಿ ಬೀದಿಗಳೊಳಗೆ ಮೆರವಣಿಗೆ ಬರಲು ಹೊರಟಾಗ, ಯಹೂದಿಗಳೂ ಐರಿಷ್ ಹಡಗುಕಟ್ಟೆ ಕೂಲಿಗಳೂ ಸೇರಿ ಕೇಬಲ್ ಸ್ಟ್ರೀಟಿಗೆ ಅಡ್ಡಗಟ್ಟಿದರು. ಮೇ 4, 1978ರಂದು ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ಅಲ್ತಾಬ್ ಅಲಿ ಎಂಬ ಬಾಂಗ್ಲಾದೇಶಿ ಗಾರ್ಮೆಂಟ್ ಕಾರ್ಮಿಕನನ್ನು ಕೆಲಸ ಮುಗಿಸಿ ಮನೆಗೆ ಹೋಗುವಾಗ ಕೊಂದರು. ಹತ್ತು ದಿನದ ನಂತರ ಸುಮಾರು 7,000 ಜನ ಅವನ ಶವಪೆಟ್ಟಿಗೆಯ ಹಿಂದೆ ಡೌನಿಂಗ್ ಸ್ಟ್ರೀಟಿನವರೆಗೆ ನಡೆದರು.