ಎಲ್ಲವೂ ಸೇರಿದೆ, ಎಲ್ಲರೂ ಸೇರಿದ್ದಾರಾ?

ಕಳೆದ ವರ್ಷ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಮೊದಲೇ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ಹಸಿರು ಬೆಟ್ಟ, ನೀಲಿ ಈಜುಕೊಳ, ಅದರ ಮೇಲೆ ದಪ್ಪ ಅಕ್ಷರ: ‘ಎರಡು ರಾತ್ರಿ, ಮೂರು ಹಗಲು, ಎಲ್ಲವೂ ಸೇರಿ ತಲೆಗೆ 4,999 ರೂಪಾಯಿ’. ಹತ್ತೇ ನಿಮಿಷದಲ್ಲಿ ಇಪ್ಪತ್ತು ಜನ ‘ನಾನು ರೆಡಿ’ ಎಂದರು. ನನ್ನ ಗೆಳೆಯನೊಬ್ಬ ಎರಡು ದಿನ ಸುಮ್ಮನಿದ್ದು, ಆಮೇಲೆ ‘ಅಕ್ಕನ ಮದುವೆ ಇದೆ, ಬರೋಕಾಗಲ್ಲ’ ಎಂದು ಬರೆದ. ಎಲ್ಲರೂ ಶುಭಾಶಯ ಹೇಳಿ ಎಮೋಜಿ ಹಾಕಿದರು. ನಾನೂ ಹಾಕಿದೆ.

ಅವನದೂ ನನ್ನದೂ ಮೊಳಕಾಲ್ಮುರು ತಾಲ್ಲೂಕು, ಅಕ್ಕಪಕ್ಕದ ಹಳ್ಳಿ. ಅವನಿಗೆ ಅಕ್ಕನೇ ಇಲ್ಲ ಎಂಬುದು ಆ ಗ್ರೂಪಿನಲ್ಲಿ ಗೊತ್ತಿದ್ದವನು ನಾನೊಬ್ಬನೇ.

ರೆಸಾರ್ಟಿಗೆ ಹೋಗುವುದೇ ತಪ್ಪು ಎಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ. ನಾನೂ ಹೋಗಿದ್ದೆ, ನೀರಿಗೆ ಬಿದ್ದೆ, ಕುಣಿದೆ, ಖುಷಿಪಟ್ಟೆ. ಮೂರು ವರ್ಷ ಅಸೈನ್‌ಮೆಂಟು, ಲ್ಯಾಬು, ಬ್ಯಾಕ್‌ಲಾಗು ಎಂದು ಒಟ್ಟಿಗೆ ಒದ್ದಾಡಿದವರು ಎರಡು ದಿನ ಒಟ್ಟಿಗೆ ನಗುವುದರಲ್ಲಿ ಏನು ತಪ್ಪಿದೆ? ಆದರೆ ‘ಎಲ್ಲವೂ ಸೇರಿ’ ಎಂಬ ಎರಡು ಪದಗಳನ್ನು ನಂಬಿ ನಾವು ರೆಸಾರ್ಟ್ ಆರಿಸುವ ರೀತಿಯಲ್ಲಿ ತಪ್ಪಿದೆ. ಮೊಬೈಲ್ ಕೊಳ್ಳುವ ಮುಂಚೆ ಹತ್ತು ವಿಡಿಯೊ ನೋಡುವ ನಾವು ಮೂವತ್ತು ಜನರ ದುಡ್ಡು ಕಟ್ಟುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಮೊದಲು ದುಡ್ಡಿನ ಮಾತು. ಪೋಸ್ಟರಿನ 4,999ಕ್ಕೆ ತೆರಿಗೆ ಎಂದು 600 ಸೇರಿತು. ಜೀಪಿನಲ್ಲಿ ಬೆಟ್ಟಕ್ಕೆ ಹೋಗಲು 500. ನೀರಾಟಕ್ಕೆ 700. ರಾತ್ರಿಯ ಬೆಂಕಿ, ಹಾಡಿಗೆ 150. ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಕೇಳಿದ ಚಹಾ, ನೀರಿನ ಬಾಟಲಿಗೆ 200. ಒಟ್ಟು 7,149 ರೂಪಾಯಿ. ಬಸ್ಸಿನ ಬಾಡಿಗೆ ಬೇರೆ. ‘ಎಲ್ಲವೂ ಸೇರಿದೆ ಅಂದಿದ್ರಲ್ಲ ಸರ್’ ಎಂದು ಕೇಳಿದರೆ ಕೌಂಟರಿನವರು ಪೋಸ್ಟರಿನ ತಳದಲ್ಲಿದ್ದ ಇರುವೆ ಗಾತ್ರದ ಸಾಲನ್ನು ತೋರಿಸಿದರು. ಷರತ್ತುಗಳು ಅನ್ವಯ.

ಈ ಪದ್ಧತಿ ಇಂದು ನಿನ್ನೆಯದಲ್ಲ. ಬೆಲ್ಜಿಯಂನ ಜೆರಾರ್ ಬ್ಲಿಟ್ಸ್ ಎಂಬವರು 1950ರಲ್ಲಿ ಕ್ಲಬ್ ಮೆಡ್ ಎಂಬ ಸಂಸ್ಥೆ ಕಟ್ಟಿ, ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಜನರನ್ನು ಕರೆದರು. ವಸತಿ, ಊಟ, ಆಟ ಎಲ್ಲಕ್ಕೂ ಒಂದೇ ದರ. ಮುಂದೆ ಅಲ್ಲಿ ಪಾನೀಯಕ್ಕೆ ನೋಟಿನ ಬದಲು ಕೊರಳಲ್ಲಿ ಹಾಕಿಕೊಂಡ ಸರದ ಮಣಿಯನ್ನು ಕೊಡುವ ಪದ್ಧತಿ ಬಂತು. ಆ ಮಣಿಗಳನ್ನು ಮಾತ್ರ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. ಅಂದರೆ ‘ಎಲ್ಲವೂ ಸೇರಿ’ ಎಂಬ ಮಾತಿನ ತವರಿನಲ್ಲೇ ಎಲ್ಲವೂ ಸೇರಿರಲಿಲ್ಲ!

ಇದರ ಲೆಕ್ಕ ಸರಳ. ಒಂದೇ ದರ ಕಟ್ಟಿಸಿಕೊಂಡ ಮೇಲೆ ನಾವು ಬಳಸದೆ ಬಿಟ್ಟಿದ್ದೆಲ್ಲ ಮಾಲೀಕರ ಉಳಿತಾಯ. ನಾವು ರಾತ್ರಿ ಎರಡಕ್ಕೆ ಮಲಗಿ ಹತ್ತಕ್ಕೆ ಎದ್ದರೆ ಬೆಳಗಿನ ತಿಂಡಿಯೂ ಹೋಯಿತು, ಬೆಳಗಿನ ನಡಿಗೆಯೂ ಹೋಯಿತು. ಎರಡಕ್ಕೂ ದುಡ್ಡು ಕೊಟ್ಟಾಗಿರುತ್ತದೆ. ಆದ್ದರಿಂದ ಪ್ಯಾಕೇಜಿನಲ್ಲಿ ಎಷ್ಟು ಸೇರಿದೆ ಎಂದು ನೋಡುವುದಕ್ಕಿಂತ, ಸೇರಿದ್ದರಲ್ಲಿ ನಾವು ಎಷ್ಟನ್ನು ಬಳಸುತ್ತೇವೆ ಎಂದು ನೋಡಬೇಕು.

ಪಟ್ಟಿ ಹೇಗಿರಬೇಕು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಮಾದರಿ ಇದೆ. ಸರ್ಕಾರದ ಜಂಗಲ್ ಲಾಡ್ಜಸ್ ಆ್ಯಂಡ್ ರೆಸಾರ್ಟ್ಸ್ 1980ರಲ್ಲಿ ಶುರುವಾಯಿತು. ಕಬಿನಿ, ಬಂಡೀಪುರ, ಲಕ್ಕವಳ್ಳಿ, ನಮ್ಮ ಕಡೆಯವರಿಗೆ ಹತ್ತಿರವಾದ ದರೋಜಿ ಕರಡಿಧಾಮದ ಪಕ್ಕದ ರೆಸಾರ್ಟ್, ಹೀಗೆ ಹಲವು ಕಡೆ ಇವೆ. ಅಲ್ಲಿ ವಸತಿ, ಊಟ, ಸಫಾರಿ ಎಲ್ಲ ಸೇರಿಸಿ ತಲೆಗೆ ಇಷ್ಟು ಎಂಬ ಲೆಕ್ಕ. ಕಾಡು ನೋಡುವ ಆಸೆ ಇದ್ದವರಿಗೆ ಅದು ಸರಿಯಾದ ಆಯ್ಕೆ. ಆದರೆ ನಸುಕಿನಲ್ಲಿ ಎದ್ದು ಸಫಾರಿಗೆ ಹೋಗಲು ಸೋಮಾರಿತನ ಪಡುವ ಗುಂಪಿಗೆ ಅದೂ ದುಬಾರಿಯೇ. ಬರೀ ಈಜುಕೊಳ, ಊಟ, ಹರಟೆ ಸಾಕು ಎನ್ನುವವರಿಗೆ ಒಂದು ಹಗಲಿನ ಪ್ಯಾಕೇಜೇ ಸಾಕು. ವಾರಾಂತ್ಯ ಬಿಟ್ಟು ಬುಧವಾರವೋ ಗುರುವಾರವೋ ಹೋದರೆ ಬಹಳ ಕಡೆ ದರವೂ ಇಳಿಯುತ್ತದೆ.

ಕಾನೂನೂ ನಮ್ಮ ಕಡೆಗಿದೆ, ನಮಗೆ ಗೊತ್ತಿರುವುದಿಲ್ಲ ಅಷ್ಟೆ. ಮೊದಲು ಕಡಿಮೆ ದರ ತೋರಿಸಿ ಕೊನೆಗೆ ಒಂದೊಂದಾಗಿ ಸೇರಿಸುತ್ತಾ ಹೋಗುವುದು, ‘ಇನ್ನು ಎರಡೇ ಕೋಣೆ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಇಂಥ 13 ಬಗೆಯ ಆನ್‌ಲೈನ್ ತಂತ್ರಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಸಿ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದೆ. ಹೋಟೆಲ್, ರೆಸ್ಟೋರೆಂಟಿನವರು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಅದೇ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮುಂಗಡ ಕಟ್ಟುವ ಮೊದಲು ‘ತೆರಿಗೆ ಸೇರಿ ಒಟ್ಟು ಎಷ್ಟು? ಯಾವುದಕ್ಕೆ ಬೇರೆ ದುಡ್ಡು? ರದ್ದಾದರೆ ಎಷ್ಟು ವಾಪಸ್?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎರಡನೆಯದು ಜೀವದ ಮಾತು. 2024ರ ನವೆಂಬರ್‌ನಲ್ಲಿ ಮಂಗಳೂರು ಸಮೀಪದ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ನಮ್ಮದೇ ವಯಸ್ಸು, ನಮ್ಮದೇ ಓದು. ಅಲ್ಲಿ ಜೀವರಕ್ಷಕರು ಇರಲಿಲ್ಲ ಎಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆ ಸುದ್ದಿಯನ್ನು ಓದಿ, ಸ್ಟೇಟಸ್ ಹಾಕಿ ಮರುಗಿದ್ದ ನಾವೇ ಮರುವರ್ಷ ರೆಸಾರ್ಟ್ ಬುಕ್ ಮಾಡುವಾಗ ಊಟದಲ್ಲಿ ಎಷ್ಟು ಬಗೆ ಎಂದು ಕೇಳಿದೆವೇ ಹೊರತು, ಈಜುಕೊಳದ ಬಳಿ ಯಾರಿರುತ್ತಾರೆ ಎಂದು ಕೇಳಲಿಲ್ಲ. ನಾವು ಹೋದ ಕಡೆಯೂ ಯಾರೂ ಇರಲಿಲ್ಲ. ಈಜು ಬಾರದ ಹತ್ತು ಜನ ಅದರೊಳಗಿದ್ದೆವು. ಏನೂ ಆಗಲಿಲ್ಲ ಎಂಬುದು ನಮ್ಮ ಜಾಣತನವಲ್ಲ, ಅದೃಷ್ಟ.

ಪೋಸ್ಟರಿನಲ್ಲಿ ಬರೆಯದ, ಆದರೆ ಸೇರಿರಲೇಬೇಕಾದ ಸಂಗತಿಗಳು ಇವು: ಕೊಳದ ಆಳ ಬರೆದ ಫಲಕ, ನೀರಿನ ಬಳಿ ಈಜು ಬಲ್ಲ ಕಾವಲಿನವರು, ನೀರಾಟಕ್ಕೆ ಸರಿಯಾದ ಅಳತೆಯ ಲೈಫ್ ಜಾಕೆಟ್, ಹತ್ತಿರದಲ್ಲಿ ಆಸ್ಪತ್ರೆ, ಫೋನಿಗೆ ಸಿಗ್ನಲ್. ಇವಕ್ಕೆ ಉತ್ತರ ಕೊಡಲು ತಡವರಿಸುವ ಜಾಗ ಎಷ್ಟೇ ಅಗ್ಗವಾದರೂ ಬೇಡ.

ಮೂರನೆಯದು ನನ್ನ ಗೆಳೆಯನ ಮಾತು. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ರಜೆಗೆ ಊರಿಗೆ ಹೋದಾಗ ಇಬ್ಬರೂ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದೆವು. ನಮ್ಮ ತಾಲ್ಲೂಕಿನವರಿಗೆ ಅದೇ ಪ್ರವಾಸಿ ತಾಣ. ಸೀತೆಯನ್ನು ಬಿಡಿಸಲು ಹೋದ ಜಟಾಯು ರಾವಣನ ಏಟಿಗೆ ಬಿದ್ದಿದ್ದು ಅಲ್ಲೇ, ರಾಮ ಲಿಂಗ ಸ್ಥಾಪಿಸಿದ್ದೂ ಅಲ್ಲೇ ಎಂದು ನಮ್ಮಜ್ಜಿಯರು ಹೇಳುತ್ತಾರೆ. ಬೆಟ್ಟಕ್ಕೆ ಹೋಗುವವರು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಒಬ್ಬರ ಮನೆಯ ಜೋಳದ ರೊಟ್ಟಿ, ಇನ್ನೊಬ್ಬರ ಮನೆಯ ಶೇಂಗಾ ಚಟ್ನಿ, ಮತ್ತೊಬ್ಬರ ಚಿತ್ರಾನ್ನ, ಏನೂ ತರದವರು ಹೊತ್ತು ತಂದ ನೀರು. ಮೇಲೆ ಕೂತು ಎಲ್ಲವನ್ನೂ ನಡುವೆ ಇಟ್ಟರೆ ಯಾರದು ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಅಂದು ಇಬ್ಬರ ಬುತ್ತಿಯನ್ನೂ ಬಿಚ್ಚಿ ಕೂತಾಗ ನಾನೇ ಕೇಳಿದೆ: ‘ಅಕ್ಕನ ಮದುವೆ ಹೆಂಗಾತಲೇ?’

ಅವನು ನಕ್ಕ. ‘ಅವಳು ಮೊದಲು ಹುಟ್ಟಲಿ, ಆಮೇಲೆ ಮಾಡಾನ.’

ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ. ಅವರ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ ಇದೆ. ಅಪ್ಪ ನೇಯುತ್ತಾರೆ, ಅಮ್ಮ ಕಂಡಿಕೆ ಸುತ್ತುತ್ತಾರೆ. ಕೂಲಿ ಬಂದ ದಿನವೇ ಅದಕ್ಕೆ ದಾರಿಗಳು ಕಾದಿರುತ್ತವೆ. ‘ಕೇಳಿದ್ರೆ ಅಪ್ಪ ಹೆಂಗಾದ್ರೂ ಮಾಡಿ ಕೊಡ್ತಿದ್ದ. ಅದಕ್ಕೇ ಕೇಳಲಿಲ್ಲ’ ಎಂದ.

ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಗೊತ್ತಿದ್ದೂ ಎಮೋಜಿ ಹಾಕಿದವನು ನಾನು. ನಮ್ಮ ಕ್ಲಾಸಿನಲ್ಲಿ 38 ಜನ. ಟ್ರಿಪ್ಪಿಗೆ ಹೋದವರು 29. ಬಾರದ ಒಂಬತ್ತು ಜನರಿಗೂ ಒಂದೊಂದು ಕಾರಣವಿತ್ತು: ಜ್ವರ, ಮದುವೆ, ಮನೆದೇವರು. ಅವುಗಳಲ್ಲಿ ಎಷ್ಟು ನಿಜವೋ ಯಾರಿಗೆ ಗೊತ್ತು? ಆದರೂ ಫೋಟೊ ಕೆಳಗೆ ನಾವು ಬರೆದುಕೊಂಡಿದ್ದು ‘ಇಡೀ ಕ್ಲಾಸ್’ ಎಂದು.

ಆ ಬೆಟ್ಟದ ಮೇಲೆ ಅಶೋಕನ ಶಾಸನ ಇದೆ. ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳ ಜೊತೆಗೇ ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆಹಚ್ಚಿದ್ದು. ಅಕ್ಷರಗಳು ಬಹಳ ಸವೆದಿವೆ. ಮೂರೂ ಕಡೆ ಇರುವ ಆ ಸಂದೇಶದ ಒಂದು ಮಾತಿನ ಸಾರ ಹೀಗೆ: ಈ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಮನಸ್ಸಿಟ್ಟು ಪ್ರಯತ್ನಿಸಿದರೆ ಸಣ್ಣವರಿಗೂ ಸಿಗುತ್ತದೆ. ಆತ ಹೇಳಿದ್ದು ಧರ್ಮದ ಬಗ್ಗೆ, ರೆಸಾರ್ಟಿನ ಬಗ್ಗೆ ಅಲ್ಲ. ಆದರೆ ಒಂದು ಫಲಕ್ಕೆ ಹೊಸ್ತಿಲು ಎಷ್ಟು ಎತ್ತರ ಇರಬೇಕು ಎಂಬ ಪ್ರಶ್ನೆ ಎರಡು ಸಾವಿರ ವರ್ಷಗಳಿಗೂ ಹಳೆಯದು ಎಂದು ನನಗೆ ಅಂದು ಅನ್ನಿಸಿತು.

ಈ ವರ್ಷ ಮತ್ತೆ ಟ್ರಿಪ್ಪಿನ ಮಾತು ಬಂದಾಗ ನಾನು ಒಂದೇ ಒಂದು ಷರತ್ತು ಹಾಕಿದೆ. ಮೊದಲು ಜಾಗ ಆರಿಸಿ ಆಮೇಲೆ ದುಡ್ಡು ಕೇಳುವುದು ಬೇಡ. ಮೊದಲು ದುಡ್ಡು ತಿಳಿಯಲಿ. ಹೆಸರು ಬರೆಯದೆ, ಮನೆಯವರಿಗೆ ಕಷ್ಟವಾಗದಂತೆ ಎಷ್ಟು ಕೊಡಬಲ್ಲೆ ಎಂದು ಎಲ್ಲರೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು. 38 ಚೀಟಿ ಬಂದವು. ಹದಿನೇಳರಲ್ಲಿ 5,000ಕ್ಕಿಂತ ಹೆಚ್ಚಿತ್ತು. ಒಂಬತ್ತರಲ್ಲಿ 2,000ಕ್ಕಿಂತ ಕಡಿಮೆ. ಎಲ್ಲಕ್ಕಿಂತ ಕಡಿಮೆ ಎಂದರೆ 1,500. ಆ ಒಂಬತ್ತು ಕಳೆದ ವರ್ಷದ ಒಂಬತ್ತೇ ಹೌದೋ ಅಲ್ಲವೋ ಗೊತ್ತಿಲ್ಲ. ಗೊತ್ತಾಗಬಾರದೆಂದೇ ಚೀಟಿ ಮಾಡಿದ್ದು.

ಜಗಳ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ‘ಕೆಲವರಿಗೋಸ್ಕರ ಎಲ್ಲರೂ ಯಾಕೆ ಅಡ್ಜಸ್ಟ್ ಮಾಡ್ಕೋಬೇಕು?’ ಎಂದರು ಒಬ್ಬರು. ನ್ಯಾಯವಾದ ಪ್ರಶ್ನೆಯೇ. ದುಡ್ಡಿದ್ದವರು ಐದು ಜನ ಸೇರಿ ಎಲ್ಲಿಗೆ ಬೇಕಾದರೂ ಹೋಗಲಿ, ಯಾರ ತಕರಾರೂ ಇಲ್ಲ. ಆದರೆ ಕ್ಲಾಸಿನ ಹೆಸರಿನಲ್ಲಿ ಹೋಗುವುದಾದರೆ ದರವೂ ಇಡೀ ಕ್ಲಾಸಿಗೆ ಎಟುಕಬೇಕು. ‘ಕೊಡೋಕಾಗದವರದ್ದು ನಾವೇ ಹಾಕ್ತೀವಿ’ ಎಂದರು ಇನ್ನೊಬ್ಬರು. ಒಳ್ಳೆಯ ಮನಸ್ಸು, ನಿಜ. ಆದರೆ ಹಾಗೆ ಬಂದವನು ಮೂರು ದಿನವೂ ಎರಡನೇ ಸಲ ಬಡಿಸಿಕೊಳ್ಳಲು ಹಿಂಜರಿಯುತ್ತಾನೆ. ಅವನು ನಮ್ಮ ಅತಿಥಿಯಾಗುತ್ತಾನೆಯೇ ಹೊರತು ಸಹಪಾಠಿಯಾಗಿ ಉಳಿಯುವುದಿಲ್ಲ.

ಕೊನೆಗೆ 1,500 ಎಂದೇ ಗೆರೆ ಎಳೆದು ಜಾಗ ಹುಡುಕಿದೆವು. ಆರು ರೆಸಾರ್ಟಿಗೆ ಫೋನ್ ಮಾಡಿದೆವು. ಕೊಳದ ಕಾವಲಿನ ಪ್ರಶ್ನೆಗೇ ಮೂರು ಬಿದ್ದುಹೋದವು. ಒಂದರವರು ಪಟ್ಟಿಯನ್ನು ಬರಹದಲ್ಲಿ ಕೊಡಲು ಒಪ್ಪಲಿಲ್ಲ. ಉಳಿದ ಎರಡರಲ್ಲಿ ಒಂದು ಸಿಕ್ಕಿತು: ಬುಧವಾರ ಒಂದು ಹಗಲು, ತಿಂಡಿ, ಊಟ, ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಈಜುಕೊಳ, ತೆರಿಗೆ ಸೇರಿ ತಲೆಗೆ 1,100. ಬಸ್ಸಿಗೆ 400. ರಾತ್ರಿ ಉಳಿಯುವುದಿಲ್ಲ, ಜೀಪಿಲ್ಲ, ಬೆಟ್ಟದ ಮಂಜಿಲ್ಲ. ಗೊಣಗುವವರು ಈಗಲೂ ಗೊಣಗುತ್ತಿದ್ದಾರೆ.

ಗೆಳೆಯರೇ, ನಿಮ್ಮ ಕಾಲೇಜಿನಲ್ಲೋ, ನಾಳೆ ಸೇರುವ ಕಂಪನಿಯಲ್ಲೋ ಇಂಥ ಪೋಸ್ಟರ್ ಬಂದೇ ಬರುತ್ತದೆ. ಎಲ್ಲವೂ ಸೇರಿದೆಯಾ ಎಂದು ರೆಸಾರ್ಟಿನವರನ್ನು ಕೇಳಿ, ಬಿಡಬೇಡಿ. ಎಲ್ಲರೂ ಸೇರಿದ್ದೇವಾ ಎಂಬ ಪ್ರಶ್ನೆಯನ್ನು ಮಾತ್ರ ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಅದಕ್ಕೆ ಸಹಾಯವಾಣಿ ಇಲ್ಲ.

ನಮ್ಮ ಟ್ರಿಪ್ ಇಂಟರ್ನಲ್ಸ್ ಮುಗಿದ ಮೇಲಿನ ಬುಧವಾರ. ಪಟ್ಟಿಯಲ್ಲಿ ಈಗ 36 ಹೆಸರುಗಳಿವೆ. ಇನ್ನಿಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದಿದ್ದಾರೆ. ಮೊನ್ನೆ ರಾತ್ರಿ ಗ್ರೂಪಿನಲ್ಲಿ ನನ್ನ ಗೆಳೆಯ ‘ನಾನು ರೆಡಿ’ ಎಂದು ಬರೆದ. ಮರುಕ್ಷಣವೇ ನನಗೊಬ್ಬನಿಗೇ ಇನ್ನೊಂದು ಮೆಸೇಜ್ ಬಂತು: ‘ಈ ಸಲ ಅಕ್ಕನ ಮದುವೆ ಇಲ್ಲಲೇ.’