ಇನ್ನೊಂದು ಸಲ ಹೇಳು, ಆಯಿ

ಔರಾದ್ ತಾಲೂಕಿನ ಒಂದು ಮನೆ ಅಂದುಕೊಳ್ಳಿ. ಬೇಸಿಗೆ. ತುಂಬಿಟ್ಟ ನೀರು ಸಂಜೆತನಕ ಸಾಲಬೇಕು. ಐದನೇ ತರಗತಿಯ ಹುಡುಗಿ ಬಚ್ಚಲಿಗೆ ಹೋಗಿ ಅರ್ಧ ಗಂಟೆಯಾದರೂ ಚರಗಿಯ ಸದ್ದು ನಿಂತಿಲ್ಲ. ಅವ್ವ ಬೈಯುತ್ತಿದ್ದಾಳೆ. ಹುಡುಗಿ ಹೊರಗೆ ಬಂದು, ತೊಳೆದು ತೊಳೆದು ಕೆಂಪಾದ ಕೈಗಳನ್ನು ಅಜ್ಜಿಯ ಮುಂದೆ ಚಾಚುತ್ತಾಳೆ.

"ಆಯಿ, ಸ್ವಚ್ಛ ಆಗ್ಯಾವಲ್ಲ?"

"ಆಗ್ಯಾವವ್ವ."

"ಖರೇನ? ಇನ್ನೊಂದು ಸಲ ಹೇಳು."

ಆಯಿ ಹೇಳುತ್ತಾಳೆ. ಮಗುವಿನ ಮುಖ ತಿಳಿಯಾಗುತ್ತದೆ. ಐದು ನಿಮಿಷ ಕಳೆಯುವುದರೊಳಗೆ ಮತ್ತೆ ಅದೇ ಪ್ರಶ್ನೆ.

ಇದು ಹಟವಲ್ಲ, ಗಾಳಿ ಸೋಕಿದ್ದೂ ಅಲ್ಲ. ಇದಕ್ಕೆ ಗೀಳು ಕಾಯಿಲೆ ಎನ್ನುತ್ತಾರೆ. ವೈದ್ಯರ ಬಾಯಲ್ಲಿ ಓಸಿಡಿ. ಬೇಡವೆಂದರೂ ಒಂದು ಯೋಚನೆ ನುಗ್ಗಿ ಬರುತ್ತದೆ, ಎದೆ ಡವಡವ ಎನ್ನುತ್ತದೆ, ಅದನ್ನು ತಣಿಸಲು ಏನಾದರೂ ಮಾಡಲೇಬೇಕು ಅನಿಸುತ್ತದೆ. ಎಲ್ಲರಿಗೂ ಕೈ ತೊಳೆಯುವ ಗೀಳೇ ಇರಬೇಕೆಂದಿಲ್ಲ. ಒಬ್ಬ ಹುಡುಗ ಬರೆದ ಅಕ್ಷರವನ್ನೇ ಅಳಿಸಿ ಬರೆದು ಹಾಳೆ ಹರಿಯುತ್ತಾನೆ. ಇನ್ನೊಬ್ಬಳು ರಾತ್ರಿ ಹತ್ತು ಸಲ ಎದ್ದು ಬಾಗಿಲ ಚಿಲಕ ನೋಡುತ್ತಾಳೆ. ಕೆಲವು ಮಕ್ಕಳಿಗೆ ದೇವರ ಮುಂದೆ ಕೈಮುಗಿದಾಗಲೇ ಕೆಟ್ಟ ಯೋಚನೆ ಬರುತ್ತದೆ. ಅದನ್ನು ಯಾರಿಗೂ ಹೇಳದೆ ಒಳಗೊಳಗೇ ನಡುಗುತ್ತವೆ. ನನಗೆ ಹೆಚ್ಚು ಸಂಕಟವೆನಿಸುವುದು ಈ ಮಕ್ಕಳನ್ನು ನೆನೆದರೆ.

ಮಡಿ, ಮೈಲಿಗೆ, ಪೂಜೆ, ನಮಾಜು ಎಲ್ಲ ಇರುವ ನಮ್ಮ ಮನೆಗಳಲ್ಲಿ ಕಾಯಿಲೆ ಎಲ್ಲಿಂದ ಶುರು ಎಂದು ನೀವು ಕೇಳಬಹುದು. ಆಚಾರಕ್ಕೆ ಒಂದು ಕೊನೆ ಇರುತ್ತದೆ. ವಜೂ ಮಾಡುವಾಗ ಕೈಯನ್ನು ಮೂರು ಸಲ ತೊಳೆದರೆ ಮುಗಿಯಿತು. ಪೂಜೆಗೆ ಮುಂಚಿನ ಜಳಕವೂ ಒಂದೇ. ಗೀಳಿಗೆ ಆ ಕೊನೆ ಸಿಗುವುದಿಲ್ಲ. ಬೀದರ್ ನಗರದ ಓಣಿಗಳಲ್ಲಿ ಉರ್ದು ಮಾತನಾಡುವ ಹಿರಿಯರಿಗೆ 'ವಸ್ವಸಾ' ಎಂಬ ಮಾತು ಗೊತ್ತು: ಬಿಡದೆ ಕಾಡುವ ಸಂಶಯ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಅಥವಾ ಇದರಿಂದ ಶಾಲೆ, ಊಟ, ನಿದ್ದೆ ಕೆಡುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ಈಗ ಆಯಿಯ ಉತ್ತರಕ್ಕೆ ಬರೋಣ. ಆಕೆ ಪ್ರೀತಿಯಿಂದಲೇ 'ಆಗ್ಯಾವವ್ವ' ಅಂದಳು. ಆದರೆ ಆ ಮಾತು ತುರಿಕೆಯನ್ನು ಕೆರೆದ ಹಾಗೆ. ಆ ಕ್ಷಣಕ್ಕೆ ಹಿತ, ಆಮೇಲೆ ತುರಿಕೆ ಇನ್ನೂ ಹೆಚ್ಚು. ಯಾರೋ ಭರವಸೆ ಕೊಟ್ಟಿದ್ದರಿಂದಲೇ ತಾನು ಉಳಿದೆ ಎಂದು ಮಗುವಿನ ಮನಸ್ಸು ಕಲಿಯುತ್ತದೆ. ಅದಕ್ಕೇ ಚಿಕಿತ್ಸೆ ತಿರುವುಮುರುವಾಗಿ ನಡೆಯುತ್ತದೆ. 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಈ ದಾರಿಯನ್ನು ಬರೆದು ತೋರಿಸಿದರು. ಭಯವಾಗುವುದನ್ನು ಮುಟ್ಟಿಸಬೇಕು, ತೊಳೆಯದೆ ಸ್ವಲ್ಪ ಹೊತ್ತು ಕಾಯಿಸಬೇಕು. ಭಯ ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಚಿಕ್ಕ ಭಯದಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಾರೆ. ಕಾಯಿಲೆ ಜೋರಾಗಿದ್ದರೆ ಮಾತ್ರೆಯೂ ಬೇಕಾಗುತ್ತದೆ. ಅದರ ಗುಣ ಕಾಣಲು ಹಲವು ವಾರ ಹಿಡಿಯುತ್ತದೆ, ನಡುವೆ ನಾವಾಗಿ ನಿಲ್ಲಿಸಬಾರದು.

ಹಾಗೆಂದು ನಾಳೆಯಿಂದಲೇ ಬಾಯಿ ಬಿಗಿದು ಕೂರಬೇಡಿ, ಮಗು ಕಂಗಾಲಾಗುತ್ತದೆ. ನೀರಿಗೆ ಬೀಗ ಹಾಕುವುದು, ನಾಲ್ಕು ಜನರ ಮುಂದೆ ನಗುವುದು ಬೇಡವೇ ಬೇಡ. ಮಗು ಸಮಾಧಾನವಾಗಿರುವಾಗ ಕೂರಿಸಿಕೊಂಡು ಒಪ್ಪಂದ ಮಾಡಿಕೊಳ್ಳಿ: "ಒಮ್ಮೆ ಹೇಳ್ತೀನಿ. ಎರಡನೇ ಸಲ ಕೇಳಿದ್ರ, ಇದು ಗೀಳು ಕೇಳಾಕತ್ತದ ಅಂತೀನಿ. ಆಮ್ಯಾಲ ಇಬ್ಬರೂ ಕೂಡಿ ಕಾಯೋಣು." ಕಾಯುವಾಗ ಪಕ್ಕದಲ್ಲೇ ಇರಿ. ಅವ್ವ ಬೇಡವೆಂದಾಗ ಮುತ್ಯಾ ಗುಟ್ಟಾಗಿ ನೀರು ತುಂಬಿ ಕೊಟ್ಟರೆ ಒಪ್ಪಂದ ಮುರಿದಂತೆಯೇ. ಇಂಥದ್ದು ನಮ್ಮ ಕಡೆ ನಡೆಯುತ್ತದೆ, ಮುತ್ಯಾರಿಗೆ ಗೊತ್ತೇ ಇದೆ!

ಇದನ್ನು ಓದುತ್ತಿರುವ ಮಕ್ಕಳೇ, ನಿಮಗೂ ಹೀಗಾಗುತ್ತಿದ್ದರೆ ನೀವು ಕೆಟ್ಟವರಲ್ಲ, ಹುಚ್ಚರೂ ಅಲ್ಲ. ಕೆಟ್ಟ ಯೋಚನೆ ಬಂದ ಮಾತ್ರಕ್ಕೆ ಯಾರಿಗೂ ಕೆಟ್ಟದ್ದಾಗುವುದಿಲ್ಲ. ಮನೆಯಲ್ಲೋ ಶಾಲೆಯಲ್ಲೋ ಒಬ್ಬ ದೊಡ್ಡವರಿಗೆ ಹೇಳಿ. ಇನ್ನೂ ಎಷ್ಟೋ ಮಕ್ಕಳಿಗೆ ಇದು ಇರುತ್ತದೆ, ಅಂದರೆ ನಿಮ್ಮ ಶಾಲೆಯಲ್ಲೇ ಇನ್ನೊಬ್ಬರಿರಬಹುದು.

ತೋರಿಸಲು ದೂರ ಹೋಗಬೇಕಿಲ್ಲ. ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಭಾಲ್ಕಿ, ಔರಾದಿನವರು ಮೊದಲು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಲಿ. ಕಾಯಿಲೆ ಬಗ್ಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. 2022ರಲ್ಲಿ ಶುರುವಾದ ಟೆಲಿ-ಮಾನಸ್‌ಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿ ಹೋಗುವ ಮುಂಚೆ ಒಂದು ವಾರ ಚೀಟಿಯಲ್ಲಿ ಬರೆದಿಡಿ: ಮಗು ಏನು ಮಾಡುತ್ತದೆ, ಎಷ್ಟು ಹೊತ್ತು ಮಾಡುತ್ತದೆ, ಮನೆಯವರು ಏನು ಉತ್ತರ ಕೊಡುತ್ತಾರೆ. ಮೂರನೆಯದನ್ನು ಬರೆಯಲು ಮರೆಯಬೇಡಿ, ವೈದ್ಯರು ಅದನ್ನು ಕೇಳುತ್ತಾರೆ.